ಮನೆಯಲ್ಲಿಲ್ಲದ ಅಕ್ಕನ ಮಗ

ಟೈಲರ್ ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲಿನ ಗಾಯ ಮಾಗಿತ್ತು, ಬೆರಳುಗಳು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಗಾಯದ ನಂಜು ರಕ್ತಕ್ಕೇರಿ ಅವನನ್ನು ಹನ್ನೊಂದು ದಿನ ಐಸಿಯುನಲ್ಲಿ ಮಲಗಿಸಿತ್ತು. ಯಮನ ಬಾಗಿಲು ತಟ್ಟಿ ಬಂದವನಿಗೆ ಈಗ ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಸಾಹಸವಾಗಿತ್ತು.

ಮನೆಗೆ ಕಳಿಸುವ ದಿನ ಒಬ್ಬ ನರ್ಸ್ ಕಾಗದದ ಕಟ್ಟು ಹಿಡಿದು ಅವನ ಮಂಚದ ಬಳಿ ಕೂತಳು. ಇಂಥ ನಂಜಿನಿಂದ ಪಾರಾದವರು ಆಮೇಲೆ ಹೇಗಿರುತ್ತಾರೆ, ಯಾರಿಗೆ ಮರುಕಳಿಸುತ್ತದೆ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ಆರು ತಿಂಗಳ ಕಾಲ ಪ್ರತಿ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಅವವೇ ಹತ್ತು ಪ್ರಶ್ನೆ ಕೇಳುವುದು ಅವಳ ಕೆಲಸ.

"ಮನೇಲಿ ನೋಡ್ಕೊಳ್ಳೋರು ಯಾರಿದ್ದಾರೆ ಮಾಸ್ಟ್ರೇ?"

ಪಕ್ಕದ ಮಂಚದವನನ್ನು ಹೆಂಡತಿ, ತಂಗಿ, ಭಾವಮೈದುನ ಸುತ್ತುವರಿದು ಕೂತಿದ್ದರು. ಅವರೆಲ್ಲರ ಕಿವಿಗೆ ಬೀಳುವಂತೆ ಯಾರೂ ಇಲ್ಲ ಎನ್ನಲು ಟೈಲರನಿಗೆ ನಾಲಿಗೆ ಏಳಲಿಲ್ಲ. "ಅಕ್ಕನ ಮಗ ಇದ್ದಾನೆ" ಎಂದುಬಿಟ್ಟ. ಅಕ್ಕ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವಳ ಮಗ ಎಲ್ಲಿದ್ದಾನೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಫೋನಿನಲ್ಲಿ ಆ ಒಂದು ಸುಳ್ಳಿಗೆ ಹತ್ತು ಸುಳ್ಳು ಜೊತೆಯಾದವು. ಅಕ್ಕನ ಮಗ ಅಡುಗೆ ಮಾಡುತ್ತಾನೆ, ಉಪ್ಪು ಮಾತ್ರ ಮರೆಯುತ್ತಾನೆ. ಮಾತ್ರೆ ನುಂಗುವ ತನಕ ಎದುರಿಗೇ ನಿಲ್ಲುತ್ತಾನೆ. ವಾರಪೂರ್ತಿ ಯಾರೊಂದಿಗೂ ನಾಲ್ಕು ಮಾತಾಡದ ಟೈಲರ್ ಮಂಗಳವಾರ ಹತ್ತಕ್ಕೇ ಗಡ್ಡ ಹೆರೆದು, ಅಂಗಿ ಬದಲಿಸಿ, ಫೋನಿನ ಪಕ್ಕ ಕೂರುತ್ತಿದ್ದ.

"ಇವತ್ತು ಯಾವ ವಾರ?" ಎಂಬುದು ಏಳನೆಯ ಪ್ರಶ್ನೆ.

"ನೀವು ಫೋನ್ ಮಾಡಿದೀರಲ್ಲ, ಮಂಗಳವಾರಾನೇ ಇರ್ಬೇಕು," ಎನ್ನುತ್ತಿದ್ದ. ಅವಳು ನಗುತ್ತಿದ್ದಳು.

ನಾಲ್ಕನೆಯ ತಿಂಗಳಲ್ಲಿ ಒಂದು ಮಂಗಳವಾರ ಫೋನ್ ಬಹಳ ಹೊತ್ತು ಬಡಿದುಕೊಂಡ ಮೇಲೆ ಅವನು ಎತ್ತಿದ. ಏಳನೆಯ ಪ್ರಶ್ನೆಗೆ, "ಅಕ್ಕ ಬರೋ ವಾರ" ಎಂದ.

ಅವಳು ನಗಲಿಲ್ಲ. "ಯಾಕೆ ಹಾಗೆ ಏದುಸಿರು ಬಿಡ್ತಿದೀರಾ? ಜ್ವರ ಇದ್ಯಾ?"

"ಚಳಿ. ನಡುಕ ನಿಲ್ತಾನೇ ಇಲ್ಲ."

"ಮೂತ್ರಕ್ಕೆ ಹೋಗಿದ್ದು ಯಾವಾಗ?"

"ನಿನ್ನೆ ಇರ್ಬೇಕು."

"ಫೋನ್ ಅಕ್ಕನ ಮಗನಿಗೆ ಕೊಡಿ. ಈ ಕ್ಷಣ ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬರ್ಬೇಕು."

"ಹೊರಗೆ ಹೋಗಿದ್ದಾನೆ."

"ಹಾಗಾದ್ರೆ ಅವರ ನಂಬರ್ ಹೇಳಿ."

ಟೈಲರ್ ಕೋಣೆಯನ್ನೊಮ್ಮೆ ನೋಡಿದ. ಹೊಲಿಗೆ ಯಂತ್ರದ ಮೇಲೆ ಹೊದಿಸಿದ ಬಟ್ಟೆ, ಒಂದೇ ಕುರ್ಚಿ. "ಇಲ್ಲಮ್ಮ, ಅವನಿಲ್ಲ," ಎಂದ. "ಯಾವತ್ತೂ ಇರ್ಲಿಲ್ಲ."

ಆ ಕಡೆ ಅವಳು ಆಂಬುಲೆನ್ಸ್ ಕಳಿಸುವಂತೆ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಅವಳು ನಿಧಾನವಾಗಿ, "ಬಾಗಿಲ ಚಿಲಕ ತೆಗೆದು ಅಲ್ಲೇ ಕೂತ್ಕೊಳ್ಳಿ. ಫೋನ್ ಇಡಬೇಡಿ, ನಾನು ಮಾತಾಡ್ತಾನೇ ಇರ್ತೀನಿ," ಎಂದಳು. ಗೋಡೆ ಹಿಡಿದುಕೊಂಡು ಹೋಗಿ ಅವನು ಚಿಲಕ ತೆಗೆದ. ಆಂಬುಲೆನ್ಸ್ ಬರುವವರೆಗೂ ಅವಳ ದನಿ ಕಿವಿಯಲ್ಲಿತ್ತು. ಏನು ಹೇಳುತ್ತಿದ್ದಳೆಂಬುದು ತಿಳಿಯುತ್ತಿರಲಿಲ್ಲ.

ಈ ಸಲ ಹೊತ್ತು ಮೀರಿರಲಿಲ್ಲ. ಆಸ್ಪತ್ರೆ ಮುಟ್ಟಿದ ಕೂಡಲೇ ಪರೀಕ್ಷೆಗೆ ರಕ್ತ ತೆಗೆದರು, ಗಂಟೆಯೊಳಗೆ ಮೊದಲ ಔಷಧ ನರಕ್ಕೆ ಇಳಿಯಿತು. ಐದನೆಯ ದಿನ ಅವನು ಎದ್ದು ಕೂತಿದ್ದಾಗ ನರ್ಸ್ ಬಂದಳು.

"ಬೈಯೋದಿದ್ರೆ ಬೈದುಬಿಡಿ," ಎಂದ.

"ಬೈಯಲ್ಲ. ಇನ್ನೊಬ್ಬ ಪೇಶೆಂಟ್ ನೋಡ್ಕೊಳ್ಳೋರು ಅಂತ ತೀರಿಹೋದ ಗಂಡನನ್ನ ಬರೆಸಿದ್ರು." ಅವಳು ಪ್ರತಿ ವಾರದ ಹಳೆಯ ಹಾಳೆಗಳನ್ನು ಬಿಡಿಸಿ, ಒಂದೊಂದರಲ್ಲೂ ಅಕ್ಕನ ಮಗನೆಂಬ ಉತ್ತರ ಹೊಡೆದು ಹಾಕಿ, ತಿದ್ದುತ್ತ ಕೂತಳು. ಕೊನೆಯ ಹಾಳೆಗೆ ಬಂದಾಗ, "ಉಪ್ಪು ಮರೆಯೋ ಹುಡುಗ ನಂಗೂ ಇಷ್ಟ ಆಗಿದ್ದ," ಎಂದಳು. ಟೈಲರ್ ಗೋಡೆಯ ಕಡೆ ಮುಖ ತಿರುಗಿಸಿದ.

ಆರು ತಿಂಗಳು ತುಂಬಿತು. ಕೊನೆಯ ಸಲ ಅವಳು ಹತ್ತೂ ಪ್ರಶ್ನೆ ಕೇಳಿ, ಹುಷಾರು ಎಂದು ಹೇಳಿ ಫೋನ್ ಇಟ್ಟಳು. ಮುಂದಿನ ಮಂಗಳವಾರವೂ ಅವನು ಗಡ್ಡ ಹೆರೆದು ಕೂತ. ಹನ್ನೊಂದೂವರೆಯವರೆಗೆ ಕೂತಿದ್ದು, ಎದ್ದು, ಮನೆಯ ಇನ್ನೊಂದು ಬೀಗದ ಕೈ ಹುಡುಕಿ ತೆಗೆದುಕೊಂಡು, ಎದುರಿನ ಇಸ್ತ್ರಿ ಅಂಗಡಿಯವಳ ಹತ್ತಿರ ಹೋದ. ಇಪ್ಪತ್ತು ವರ್ಷ ಎದುರುಬದುರಿದ್ದರೂ ಬಟ್ಟೆಯ ಮಾತು ಬಿಟ್ಟು ಬೇರೆ ಆಡಿದವರಲ್ಲ.

"ಇದು ನಿಮ್ಮ ಹತ್ರ ಇರ್ಲಿ. ಇನ್ಮೇಲೆ ರಾತ್ರಿ ಚಿಲಕ ಹಾಕಲ್ಲ, ಬೀಗ ಮಾತ್ರ. ಬೆಳಗ್ಗೆ ಹತ್ತಾದ್ರೂ ನನ್ನ ಬಾಗಿಲು ತೆಗೀದಿದ್ರೆ ಬಂದು ನೋಡಿ."

"ಯಾಕೆ, ಮನೇಲಿ ಬೇರೆ ಯಾರೂ ಇಲ್ವಾ?"

"ಇಲ್ಲ," ಎಂದ ಟೈಲರ್. "ಒಬ್ಬನೇ ಇದೀನಿ."

ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ಕೈ ಒರೆಸಿಕೊಂಡು, ಬೀಗದ ಕೈ ಇಸಿದುಕೊಂಡಳು.