ತಂಗಿಯ ಹೆಸರಿನ ರಕ್ತ

ಅಕ್ಕನಿಗೆ ಸೊಂಟ ಹಿಡಿದದ್ದು ಮೂರು ವರ್ಷದ ಹಿಂದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟುಗಳನ್ನು ಯಂತ್ರದ ಬಾಯಿಂದ ಎಳೆದು ತಳ್ಳುಗಾಡಿಗೆ ಹಾಕುವಾಗ ಬೆನ್ನಲ್ಲಿ ಏನೋ ಕಟಕ್ ಎಂದಿತು. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಕಾದ ತಂತಿ ಎಳೆದ ಹಾಗೆ ನೋವು. ಡಿಸ್ಕಿನ ಚೂರೊಂದು ಜಾರಿ ನರದ ಮೇಲೆ ಕೂತಿದೆ ಎಂದರು. ಹತ್ತು ವಾರ ಹಲ್ಲು ಕಚ್ಚಿ ಮಲಗಿದಳು, ನಡೆದಳು, ಕಂಡಕಂಡವರನ್ನು ಬೈದಳು. ಹನ್ನೊಂದನೆಯ ವಾರ ಮತ್ತೆ ಯಂತ್ರದ ಮುಂದೆ ನಿಂತಳು. ಅಂದಿನಿಂದ ಸೊಂಟನೋವಿನ ವಿಷಯದಲ್ಲಿ ಲಾಂಡ್ರಿಯಲ್ಲಿ ಅವಳದೇ ಕೊನೆಯ ಮಾತು.

ಅದೇ ಯಂತ್ರದ ಮುಂದೆ, ಅದೇ ಕೆಲಸ ಮಾಡುವಾಗ, ತಂಗಿಗೂ ಅದೇ ಡಿಸ್ಕು ಜಾರಿತು. ಹನ್ನೊಂದು ತಿಂಗಳಾದರೂ ಅವಳು ಗೋಡೆ ಹಿಡಿದೇ ಬಚ್ಚಲಿಗೆ ಹೋಗುತ್ತಿದ್ದಳು. ಇಬ್ಬರೂ ಒಂದೇ ಮನೆಯಲ್ಲಿದ್ದುದರಿಂದ ಉಪದೇಶಕ್ಕೆ ಬಿಡುವಿರಲಿಲ್ಲ.

"ನಡಿಯೇ, ನಡೆದ್ರೆ ತಾನಾಗೇ ಬಿಡುತ್ತೆ. ನಾನು ನಡೀಲಿಲ್ವಾ?"

"ನಡೀತಾನೇ ಇದ್ದೀನಲ್ಲ ಅಕ್ಕ."

"ಇದು ನಡಿಗೆನಾ? ಬಾತುಕೋಳಿ ಇದಕ್ಕಿಂತ ಜೋರಾಗಿ ಹೋಗುತ್ತೆ."

"ಬಾತುಕೋಳಿಗೆ ಅಕ್ಕ ಇರಲ್ಲ. ಅದು ಪುಣ್ಯ ಮಾಡಿದೆ."

ಲಾಂಡ್ರಿಯ ಮೇಲ್ವಿಚಾರಕಿಯನ್ನು ಎಲ್ಲರೂ ಹಿಂದಿನಿಂದ ಗಡಿಯಾರ ಮೇಡಂ ಎನ್ನುತ್ತಿದ್ದರು. ಆಕೆ ಒಂದು ದಿನ ಅಕ್ಕನನ್ನು ಕರೆದು ಕೇಳಿದಳು: "ನಿನ್ನ ತಂಗಿ ರಜೆ ಈ ತಿಂಗಳಿಗೆ ಮುಗೀತು. ಸೋಮವಾರ ಯಂತ್ರದ ಹತ್ರ ನಿಂತರೆ ಸರಿ, ಇಲ್ಲಾಂದ್ರೆ ಹೆಸರು ತೆಗೀತೀನಿ. ನೀನು ಅನುಭವಿಸಿದವಳು. ನಿಜ ಹೇಳು, ಅವಳಿಗೆ ಆಗಲ್ವಾ?"

"ಮನಸ್ಸು ಮಾಡಿದ್ರೆ ಆಗುತ್ತೆ ಮೇಡಂ," ಎಂದಳು ಅಕ್ಕ. ಕೇಡು ಬಯಸಿ ಹೇಳಿದ್ದಲ್ಲ. ತನಗೆ ಗೊತ್ತಿದ್ದ ಸತ್ಯವನ್ನೇ ಹೇಳಿದ್ದಳು.

ಅದಕ್ಕೂ ಎರಡು ತಿಂಗಳ ಮುಂಚೆ, ಅದೇ ಆಸ್ಪತ್ರೆಯ ಮೂರನೆಯ ಮಹಡಿಯ ಡಾಕ್ಟರಮ್ಮ ಒಂದು ಸಂಶೋಧನೆ ಶುರುಮಾಡಿದ್ದರು. ಒಂದೇ ನರದ ನೋವು ಕೆಲವರಿಗೆ ಬೇಗ ಹೋಗುತ್ತದೆ, ಕೆಲವರಿಗೆ ಹೋಗುವುದೇ ಇಲ್ಲ, ಇದರಲ್ಲಿ ಹುಟ್ಟಿನ ಪಾಲೆಷ್ಟು ಎಂದು ನೋಡಲು ನೂರಾರು ಜನರ ರಕ್ತ ತೆಗೆದುಕೊಳ್ಳುತ್ತಿದ್ದರು. ಅಕ್ಕ ತನ್ನ ಹೆಸರಿನ ಜೊತೆ ತಂಗಿಯ ಹೆಸರನ್ನೂ ಬರೆಸಿ ಬಂದಳು. ತಾನು ರಕ್ತ ಕೊಟ್ಟಳು, ಹೊಸದಾಗಿ ಸ್ಕ್ಯಾನೂ ಮಾಡಿಸಿಕೊಂಡಳು. ಮುಂದಿನ ವಾರ ತಂಗಿಯ ಸರದಿ. ಅವತ್ತು ತಂಗಿ ಹಾಸಿಗೆಯಿಂದ ಏಳಲಿಲ್ಲ. ಒಪ್ಪಿಕೊಂಡ ಮೇಲೆ ತಪ್ಪುವುದು ಅಕ್ಕನ ಜಾಯಮಾನದಲ್ಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ರಕ್ತ ಬೇರೆಯಾದೀತೇ? ತಂಗಿಯ ಚೀಟಿ ಹಿಡಿದು ಹೋಗಿ ತೋಳು ಚಾಚಿದಳು. ರಕ್ತ ತೆಗೆಯುವವನು ಚೀಟಿ ನೋಡಿದ, ಮುಖ ನೋಡಲಿಲ್ಲ.

ಸೋಮವಾರಕ್ಕೆ ಇನ್ನು ಮೂರು ದಿನ ಇರುವಾಗ ಮೂರನೆಯ ಮಹಡಿಯಿಂದ ಕರೆ ಬಂತು.

"ನೀವಿಬ್ಬರೂ ಅವಳಿಜವಳಿನಾ?" ಡಾಕ್ಟರಮ್ಮ ಕೇಳಿದರು.

"ಇಲ್ಲಮ್ಮ, ನಾಲ್ಕು ವರ್ಷ ಅಂತರ."

"ಹಾಗಾದ್ರೆ ಇದು ಹೇಗೆ? ಎರಡು ರಕ್ತದಲ್ಲೂ ಒಂದಕ್ಷರ ವ್ಯತ್ಯಾಸ ಇಲ್ಲ."

ಅಕ್ಕ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಬೈಗುಳ ಕಾದಿದೆ ಅಂದುಕೊಂಡರೆ ಡಾಕ್ಟರಮ್ಮ ಹಣೆ ಒತ್ತಿಕೊಂಡು ನಕ್ಕರು. "ರಕ್ತ ಅಂದ್ರೆ ಒಂದೇ ಮನೆ ಸಾರು ಅಂದ್ಕೊಂಡ್ರಾ? ಯಾವ ಬಟ್ಟಲಲ್ಲಿ ಬಡಿಸಿದ್ರೂ ಅದೇ ರುಚಿ ಅಂತ?"

"ಮತ್ತೆ, ಅಲ್ವಾ?"

"ಅಲ್ಲ. ಮೈ ಹೇಗೆ ನಡೀಬೇಕು ಅನ್ನೋ ಬರಹ ಅಪ್ಪ ಅಮ್ಮ ಇಬ್ಬರ ಹತ್ರಾನೂ ಇರುತ್ತೆ, ಅದರ ಪ್ರತಿಯೊಂದು ಸಾಲಿಗೂ ಎರಡೆರಡು ಪ್ರತಿ. ಮಗುಗೆ ಕೊಡೋವಾಗ ಒಂದೊಂದರಲ್ಲಿ ಒಂದನ್ನ ಕಣ್ಣು ಮುಚ್ಚಿ ಎತ್ತಿ ಕೊಟ್ಟ ಹಾಗೆ. ನಿಮಗೆ ಕೊಟ್ಟಿದ್ದೇ ಬೇರೆ, ನಿಮ್ಮ ತಂಗಿಗೆ ಕೊಟ್ಟಿದ್ದೇ ಬೇರೆ."

"ಎಲ್ಲಿರುತ್ತೆ ಅದು?"

"ಮೈಯ ಹೆಚ್ಚುಕಮ್ಮಿ ಪ್ರತಿ ಜೀವಕಣದಲ್ಲೂ. ಸುಮಾರು ಎರಡು ಮೀಟರ್ ಎಳೆ, ಕಣ್ಣಿಗೇ ಕಾಣದ ಗೂಡಿನೊಳಗೆ ಮಡಚಿ ಇಟ್ಟಿದೆ."

ಅಕ್ಕ ಹದಿನೆಂಟು ವರ್ಷದಿಂದ ಬೆಡ್‌ಶೀಟು ಮಡಚಿದವಳು. ಎರಡು ಮೀಟರ್ ಎಂದರೇನೆಂದು ಅವಳ ತೋಳುಗಳಿಗೆ ಗೊತ್ತಿತ್ತು. ಅಷ್ಟುದ್ದದ್ದನ್ನು ಸೂಜಿಮೊನೆಗಿಂತ ಸಣ್ಣ ಜಾಗದಲ್ಲಿ ಇಡುವುದು, ಅದೂ ಮೈತುಂಬ! ಗಂಟು ಬೀಳುವುದಿಲ್ಲವೇ, ಬೇಕಾದ ತುದಿ ಬೇಕಾದಾಗ ಹೇಗೆ ಸಿಗುತ್ತದೆ ಎಂದು ಕೇಳಬೇಕೆನಿಸಿತು. ತನ್ನ ಅಂಗೈಯನ್ನೇ ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು.

ಡಾಕ್ಟರಮ್ಮ ಗಣಕದ ಪರದೆಯಲ್ಲಿ ಎರಡು ಚಿತ್ರ ತೆರೆದರು. ಎರಡೂ ಅಕ್ಕನ ಬೆನ್ನೇ. ಮೂರು ವರ್ಷದ ಹಿಂದಿನದರಲ್ಲಿ ಮೂಳೆಗಳ ನಡುವಿನಿಂದ ಕಪ್ಪು ಚೂರೊಂದು ನಾಲಿಗೆಯಂತೆ ಹೊರಚಾಚಿ ನರವನ್ನು ಒತ್ತಿತ್ತು. ಹೊಸದರಲ್ಲಿ ಆ ಜಾಗ ಖಾಲಿ.

"ಆ ಚೂರು ಎಲ್ಲಿ ಹೋಯ್ತು? ನನಗೆ ಆಪರೇಷನ್ನೇ ಆಗಿಲ್ಲ."

"ನಿಮ್ಮ ಮೈಯೇ ತಿಂದು ಹಾಕಿತು."

"ಏನಂದ್ರಿ?"

"ಜಾರಿದ ಚೂರನ್ನ ಮೈ ಹೊರಗಿನದು ಅಂದ್ಕೊಳ್ಳುತ್ತೆ. ಅಲ್ಲಿ ಉರಿಯೂತ ಶುರುವಾಗುತ್ತೆ, ಕೆಲವು ಕಣ ಬಂದು ಚೂರುಚೂರಾಗಿ ತಿಂತಾವೆ. ಎಷ್ಟೋ ಜನಕ್ಕೆ ಹೀಗೇ ವಾಸಿಯಾಗೋದು. ಇದು ನಿಮ್ಮ ತಂಗಿದು, ಹೋದ ತಿಂಗಳು ಚಿಕಿತ್ಸೆಗೆ ಬಂದಾಗ ತೆಗೆದದ್ದು."

ಮೂರನೆಯ ಚಿತ್ರದಲ್ಲಿ ಕಪ್ಪು ನಾಲಿಗೆ ಇದ್ದಲ್ಲೇ ಇತ್ತು.

"ಉರಿ ಎಷ್ಟು ಹೊತ್ತಬೇಕು, ಯಾವಾಗ ಆರಬೇಕು, ನರ ಎಷ್ಟು ಜೋರಾಗಿ ಕೂಗಬೇಕು, ಇದರಲ್ಲೆಲ್ಲ ಆ ಎಳೆಯ ಕೈವಾಡ ಒಂದಿಷ್ಟು ಇರುತ್ತೆ ಅಂತ ನಮ್ಮ ಲೆಕ್ಕ. ಪೂರ್ತಿ ಅದೇ ಅಲ್ಲ. ವಯಸ್ಸು, ಕೆಲಸ, ನಿದ್ದೆ, ಚಿಂತೆ, ಎಲ್ಲ ಸೇರುತ್ತೆ. ರಕ್ತ ನೋಡಿ ಅವರು ಯಾವಾಗ ಏಳ್ತಾರೆ ಅಂತ ಹೇಳೋಕೆ ನನಗೂ ಬರಲ್ಲ. ನಿಮಗಾದ ಹಾಗೇ ಅವರಿಗೂ ಆಗಬೇಕು ಅನ್ನೋದು ಮಾತ್ರ ಸುಳ್ಳು."

ಅಕ್ಕ ಪರದೆಯ ಮುಂದಿನಿಂದ ಕದಲಲಿಲ್ಲ. ಮೂರು ವರ್ಷದಿಂದ ತಾನು ನೋವನ್ನು ಗೆದ್ದವಳೆಂದು ಮೀಸೆ ಇಲ್ಲದೆಯೂ ಮೀಸೆ ತಿರುವಿದ್ದೇ ತಿರುವಿದ್ದು. ತಾನು ಮಾಡಿದ್ದೇನು? ಮಲಗಿ ಗೊರಕೆ ಹೊಡೆಯುತ್ತಿದ್ದಾಗ, ಯಾರನ್ನೋ ಬೈಯುತ್ತಿದ್ದಾಗ, ಒಳಗೆ ಯಾರೋ ಸದ್ದಿಲ್ಲದೆ ಕೂತು ತುಣುಕು ತುಣುಕೇ ಎತ್ತುತ್ತಿದ್ದರು. ಅವರಿಗೆ ಇವಳ ಅಪ್ಪಣೆ ಬೇಕಿರಲಿಲ್ಲ. ತಂಗಿಯ ಬೆನ್ನಿನೊಳಗೂ ಹೀಗೇ ಏನೋ ನಡೆಯುತ್ತಿರಬೇಕು, ಇಲ್ಲವೇ ನಡೆಯದೆ ನಿಂತಿರಬೇಕು. ಆ ಹುಡುಗಿಯ ಅಪ್ಪಣೆಯನ್ನೂ ಅದು ಕೇಳಿರಲಾರದು.

ಅಲ್ಲಿಂದ ನೆಟ್ಟಗೆ ಗಡಿಯಾರ ಮೇಡಂ ಕೋಣೆಗೆ ಹೋದಳು.

"ಮೇಡಂ, ನಾನು ಹೇಳಿದ್ದು ತಪ್ಪು. ಅವಳಿಗೆ ನಿಜವಾಗ್ಲೂ ಆಗಲ್ಲ."

"ಮೊನ್ನೆ ಒಂದು, ಇವತ್ತು ಒಂದು. ಯಾವುದನ್ನ ನಂಬಲಿ?"

"ಮೊನ್ನೆ ನಾನು ನನ್ನ ಬೆನ್ನಿನ ಮಾತು ಹೇಳಿದೆ. ಅವಳ ಬೆನ್ನಿನ ಒಳಗೆ ಇವತ್ತು ನೋಡಿ ಬಂದೆ."

"ತಂಗಿ ಅಂತ ಹೇಳ್ತಿದ್ದೀಯ."

"ತಂಗಿ ಅಂತ ಹೇಳಿದ್ದು ಮೊನ್ನೆ. ನನ್ನ ಥರಾನೇ ಅಂದ್ಕೊಂಡು. ಬೇಕಾದ್ರೆ ಮೂರನೇ ಮಹಡಿಗೆ ಫೋನ್ ಮಾಡಿ ಕೇಳಿ."

ಮೇಡಂ ಫೋನ್ ಮಾಡಿದಳು. ಬಹಳ ಹೊತ್ತು "ಹ್ಞೂಂ, ಹ್ಞೂಂ" ಎಂದಳು. ಫೋನ್ ಇಟ್ಟು, ಗಡಿಯಾರ ನೋಡಿ, ಕಡ್ಡಿ ಮುರಿದ ಹಾಗೆ ಹೇಳಿದಳು: "ಹರಿದ ಬಟ್ಟೆ ಬೇರೆ ಮಾಡೋ ಮೇಜಿಗೆ ಅವಳನ್ನ ಹಾಕ್ತೀನಿ. ಭಾರ ಎತ್ತೋದಿಲ್ಲ. ಮೂರು ತಿಂಗಳು, ಆಮೇಲೆ ನೋಡೋಣ."

ಮರುದಿನ ಅಕ್ಕ ರಕ್ತ ಕೊಡಿಸಲು ತಂಗಿಯನ್ನು ಮೂರನೆಯ ಮಹಡಿಗೆ ಕರೆದುಕೊಂಡು ಹೋದಳು. ಲಿಫ್ಟಿನಿಂದ ಕೋಣೆಯವರೆಗಿನ ನಲವತ್ತು ಹೆಜ್ಜೆಗೆ ಹತ್ತು ನಿಮಿಷ ಹಿಡಿಯಿತು. ಅಕ್ಕ ಒಂದು ಸಲವೂ "ಬೇಗ" ಎನ್ನಲಿಲ್ಲ. ರಕ್ತ ತೆಗೆಯುವವನು ಈ ಬಾರಿ ಚೀಟಿ ಬಿಟ್ಟು ಮುಖವನ್ನೇ ದಿಟ್ಟಿಸಿದ.

"ನೀವು ನೀವೇನಾ?"

"ನಾನೇ. ಅಕ್ಕ ಬಿಟ್ಟುಕೊಟ್ಟಳು," ಎಂದಳು ತಂಗಿ. ನಗು ಬಂದು ಸೊಂಟ ಹಿಡಿದುಕೊಂಡಳು. ಸೂಜಿ ಚುಚ್ಚಿ ಕೊಳವೆ ತುಂಬತೊಡಗಿದಾಗ ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನನ್ನದು ಯಾವಾಗ ಕರಗುತ್ತೆ ಅಕ್ಕ?"

"ಗೊತ್ತಿಲ್ಲ ಕಣೆ," ಎಂದಳು ಅಕ್ಕ. ಅವಳ ಕಣ್ಣು ಕೊಳವೆಯಲ್ಲಿ ಏರುತ್ತಿದ್ದ ಕೆಂಪಿನ ಮೇಲಿತ್ತು. "ನೋವು ಎಷ್ಟಿದೆ, ಹೇಳು."

ಹನ್ನೊಂದು ತಿಂಗಳಲ್ಲಿ ಅಕ್ಕ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ತಂಗಿ ಹೇಳಲು ಶುರುಮಾಡಿದಳು.