ಮಾನ್ಯಾಳ ಮೂರು ಚಕ್ರದ ಕಾರು

ನನ್ನ ಗಂಡ ಸಂಪತ್ ನಾವಿರುವ ಪರದೇಶದ ಊರು ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್. ಕೈ ಕಟ್ಟಿ ಕೂರುವ ಜಾಯಮಾನವೇ ಅಲ್ಲ. ಹೋದ ವರ್ಷ ಸ್ಕೌಟ್ಸ್ ಮಕ್ಕಳು ಪುಟ್ಟ ಮರದ ಕಾರುಗಳನ್ನು ಇಳಿಜಾರಿನಲ್ಲಿ ಬಿಡುವ ರೇಸಿಗೆ ನಮ್ಮ ಮಗಳು ಮಾನ್ಯಾಳ ಕಾರನ್ನು ಇವರೇ ಕೆತ್ತಿ, ಉಜ್ಜಿ, ಬಣ್ಣ ಹೊಡೆದು ಕೊಟ್ಟರು. ಗೆದ್ದೂ ಬಿಟ್ಟಿತು. "ಅದು ನಿಮ್ಮಪ್ಪ ಆಪರೇಷನ್ ಮಾಡಿದ ಕಾರು" ಎಂದು ಕಿಲಿಯನ್ ಎಂಬ ಹುಡುಗ ಎಲ್ಲರೆದುರೇ ಅಂದುಬಿಟ್ಟ. ನಿಜ ಹೇಳಿದವನ ಹತ್ತಿರ ಏನಂತ ಜಗಳವಾಡುವುದು? ಗೆದ್ದ ಕಪ್ಪನ್ನು ಮಂಚದ ಕೆಳಗೆ ತಳ್ಳಿ ಅತ್ತಳು ನನ್ನ ಕೂಸು.

ಈ ವರ್ಷ ಎಲ್ಲ ತಾನೇ ಮಾಡುತ್ತೇನೆಂದು ಹಟ ಹಿಡಿದಳು. ಗರಗಸ ಹಿಡಿದದ್ದೂ ಅವಳೇ, ಮೊಳೆ ಹೊಡೆದು ಚಕ್ರ ಕೂರಿಸಿದ್ದೂ ಅವಳೇ. ಸಂಪತ್ ಹತ್ತಿರ ಸುಳಿದರೆ ನಾನು ಗದರಿ ಓಡಿಸುತ್ತಿದ್ದೆ. ಕಾರು ಸ್ವಲ್ಪ ಸೊಟ್ಟಗಾಯಿತು, ಆಗಲಿ ಬಿಡಿ.

ರೇಸಿನ ಹಿಂದಿನ ದಿನ ಆಯುಧಪೂಜೆ. ದೊಡ್ಡ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಮೇಲೆ ಮಗುವಿನ ಕಾರನ್ನು ಬಿಡುವುದುಂಟೇ? ಅಂಗೈಯಗಲದ ಕಾರಿಗೆ ನಿಂಬೆಹಣ್ಣು ಎಲ್ಲಿ ಹೊಂದುತ್ತದೆ! ಚಕ್ರಗಳಡಿ ನಾಲ್ಕು ದ್ರಾಕ್ಷಿ ಇಟ್ಟು ಪಚಕ್ಕನೆ ಕಾರು ಹತ್ತಿಸಿದೆ. ಮಾನ್ಯಾ ಬಿದ್ದು ಬಿದ್ದು ನಕ್ಕಳು. ನನ್ನ ಬುದ್ಧಿಗೆ ನಾನೇ ಶಭಾಷ್ ಅಂದುಕೊಂಡೆ.

ಮರುದಿನ ಬೆಳಗ್ಗೆ ರೇಸ್ ನಡೆಯುವ ಹಾಲ್‌ನಲ್ಲಿ ಇಳಿಜಾರು ಹಲಗೆಯ ಮೇಲೆ ಬಿಟ್ಟು ನೋಡಿದರೆ ಮುಂದಿನ ಒಂದು ಚಕ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ದ್ರಾಕ್ಷಿರಸ ಒಳಗಿಳಿದು ಅಂಟಿಕೊಂಡಿತ್ತು. ಅಯ್ಯೋ ನನ್ನ ಕರ್ಮವೇ! ರೇಸಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು.

"ಕೊಡಿಲ್ಲಿ ಪುಟ್ಟಾ, ಎರಡೇ ನಿಮಿಷ," ಎಂದು ಸಂಪತ್ ಜೇಬಿನಿಂದ ಇಕ್ಕಳ ತೆಗೆದರು. ಜೇಬಲ್ಲೇ ಇಟ್ಟುಕೊಂಡು ಬಂದಿದ್ದರು, ನೋಡಿ!

ಕಿಲಿಯನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ನಾನು ಗಂಡನ ತೋಳು ಹಿಡಿದೆಳೆದೆ. "ರೀ, ಮುಟ್ಟಿದ್ರೆ ನೋಡಿ!"

"ಸೋತೋಗ್ತಾಳೆ ಕಣೇ."

"ಸೋಲ್ಲಿ. ಅವಳ ಕಾರು."

ಬಾಯಲ್ಲೇನೋ ಹಾಗಂದುಬಿಟ್ಟೆ. ಮಾಡಿದ್ದು ನಾನು, ಅನುಭವಿಸುವುದು ಮಗು.

"ಐ ಆಮ್ ಗ್ರಾಂಡ್, ಡ್ಯಾಡ್," ನಾನೇ ನೋಡ್ಕೋತೀನಿ ಅನ್ನುವುದನ್ನು ಇಲ್ಲಿಯವರ ಧಾಟಿಯಲ್ಲಿ ಹೇಳಿ, ಮಾನ್ಯಾ ಇಕ್ಕಳವನ್ನು ಮಾತ್ರ ಇಸಿದುಕೊಂಡಳು. ಮೊಳೆ ಕಿತ್ತಳು. ಒರೆಸಿದಳು, ಉಜ್ಜಿದಳು, ಅಂಟು ಹೋಗಲಿಲ್ಲ. ಉಳಿದ ಮೂರು ಚಕ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಆಮೇಲೆ ಅಂಟಿದ ಚಕ್ರವನ್ನು ಅದೇ ಮೊಳೆಯಿಂದ ಒಂಚೂರು ಮೇಲಕ್ಕೆ ಹೊಡೆದಳು. ಈಗ ಆ ಚಕ್ರ ಹಲಗೆಗೆ ತಾಗುವುದೇ ಇಲ್ಲ. ಉಳಿದ ಮೂರರ ಮೇಲೆ ಕಾರು ಗಟ್ಟಿಯಾಗಿ ನಿಂತಿತು. ಮಕ್ಕಳೆಲ್ಲ ಕಿಸಕ್ಕನೆ ನಕ್ಕರು.

ಕಾರುಗಳನ್ನು ಬಿಟ್ಟರು. ತಾಗದ ಚಕ್ರಕ್ಕೆ ತಿಕ್ಕಾಟವೇ ಇಲ್ಲವಲ್ಲ, ಮೂರು ಚಕ್ರದ ಸೊಟ್ಟ ಕಾರು ಉಳಿದೆಲ್ಲವನ್ನೂ ಹಿಂದೆ ಹಾಕಿ ಕಿಲಿಯನ್‌ನ ಕಾರಿನ ಬಾಲಕ್ಕೇ ಅಂಟಿಕೊಂಡು ಓಡಿತು. ಕೊನೆಗೆ ಅವನದು ಮೊದಲು, ಇವಳದು ಎರಡನೆಯದು. ನಾನು ಕಿರುಚಿದ ರೀತಿಗೆ ಸಂಪತ್ ನನ್ನ ಬಾಯಿ ಮುಚ್ಚಬೇಕಾಯಿತು.

ಕಿಲಿಯನ್ ತಾನು ಗೆದ್ದ ಕಪ್ಪನ್ನು ಪಕ್ಕಕ್ಕಿಟ್ಟು ಮಾನ್ಯಾಳ ಕಾರನ್ನು ಎತ್ತಿಕೊಂಡ. ಮೇಲೆದ್ದ ಚಕ್ರವನ್ನು ಬೆರಳಲ್ಲಿ ತಟ್ಟಿ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ, ತುಸು ನಾಚಿಕೊಂಡೇ ಕೇಳಿದ: "ಮುಂದಿನ ವರ್ಷ ನನ್ನದನ್ನೂ ಹೀಗೆ ಮಾಡಿಕೊಡ್ತೀಯಾ?"

ಮಾನ್ಯಾ ತನ್ನ ಕಾರನ್ನು ಅವನ ಕೈಯಿಂದ ತೆಗೆದುಕೊಂಡಳು.

"ಹೇಳಿಕೊಡ್ತೀನಿ," ಅಂದಳು, "ಮಾಡೋದು ನೀನೇ."