ಮಣ್ಣಾದವರ ಹಿಡಿ ಅಕ್ಕಿ

ಪ್ಲೇಗಿಗೆ ಹೆದರಿ ಊರವರೆಲ್ಲ ಹಳಿಯಾಳದ ಆಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇಗರ್ಜಿಗೆ ಬೀಗ ಬಿದ್ದು ಭಾನುವಾರದ ಕಾಣಿಕೆ ನಿಂತಿತ್ತು. ರೋಗಿಗಳ ನಡುವೆ ಓಡಾಡುತ್ತಿದ್ದ ಪಾದ್ರಿಯವರು ಉಪವಾಸ ಬೀಳಬಾರದೆಂದು ಸಿದ್ದಿಗಳ ಹಿರಿಯ ಪಾಸ್ಕು ಗುಡಿಸಲು ಗುಡಿಸಲಿಗೆ ಹೋಗಿ ತಲೆಗೊಂದು ಹಿಡಿ ಅಕ್ಕಿ ಕೂಡಿಸುತ್ತಿದ್ದ.

ರೊಜಾಲಿನಳ ಗುಡಿಸಲಲ್ಲಿ ಈಗ ಅವಳೊಬ್ಬಳೇ. ಗಂಡನನ್ನೂ ಮಗಳನ್ನೂ ಒಂದೇ ವಾರದಲ್ಲಿ ಮಣ್ಣು ಮಾಡಿದ್ದರು.

“ಬಂದ್ಯಾ ಕಾಕಾ? ಪ್ಲೇಗರೆ ಒಂದೊಂದ ಮನಿ ಬಿಟ್ಟೀತು, ನೀ ಬಿಡಾಂವಲ್ಲ,” ಎನ್ನುತ್ತ ಅವಳು ಚೀಲಕ್ಕೆ ತನ್ನ ಹಿಡಿ ಹಾಕಿದಳು. ಆಮೇಲೆ ಗಂಡನ ಕೈಯಷ್ಟು ತುಂಬಿ ಇನ್ನೊಂದು ಹಾಕಿದಳು. ಕೊನೆಗೆ ಮಗುವಿನ ಮುಷ್ಟಿಯಷ್ಟು ಮೂರು ಬೆರಳಲ್ಲಿ ಹಿಡಿದು ಬಿಟ್ಟಳು.

“ನಿಂದೊಂದ ಹಿಡಿ ಸಾಕವ್ವಾ. ನಿನಗರ ಏನೈತಿ ಉಣ್ಣಾಕ?”

“ಅವರ ಪಾಲು ನಾ ಹೆಂಗ ಉಣ್ಣಲಿ ಕಾಕಾ? ಸತ್ತರಂತ ಇಗರ್ಜಿಯಿಂದ ತಗದ ಹಾಕಿರೇನು?”

ಪಾಸ್ಕು ಚೀಲ ಹೆಗಲಿಗೇರಿಸಿ ಹೊರಟ. ಹದಿನೈದು ದಿನದ ಹಿಂದೆ ಹೆಂಡತಿ ಕಾತ್ರಿನಳನ್ನು ಹೂಳಿದ ಮೇಲೆ ಅವನು ತನ್ನ ಮನೆಯಿಂದ ಒಂದೇ ಹಿಡಿ ಹಾಕುತ್ತಿದ್ದ.

ತನ್ನ ಗುಡಿಸಲಿಗೆ ಮರಳಿ ಕಾತ್ರಿನಳ ಪಾಲು ತೆಗೆಯಲೆಂದು ಅಕ್ಕಿಯ ಮಡಕೆಗೆ ಕೈ ಹಾಕಿದ. ಮೂವತ್ತು ವರ್ಷ ಅಡುಗೆಗೆ ಅಕ್ಕಿ ಅಳೆದವಳು ಅವಳೇ. ಅವಳ ಹಿಡಿ ಎಷ್ಟಿತ್ತೆಂದು ಅವನು ಒಂದು ದಿನವೂ ನೋಡಿರಲಿಲ್ಲ. ಎಷ್ಟು ಸಲ ಎತ್ತಿದರೂ ಬಂದದ್ದು ತನ್ನ ಹಿಡಿಯೇ. ಬೆನ್ನ ಹಿಂದೆ ಅವಳು ಸುಮ್ಮನೆ ನಿಂತು ಕಾಯುತ್ತಿರುವಂತೆ ಅನ್ನಿಸಿತು.

“ದೇವರ, ಇದರಾಗ ಅಕೀದ ಎಷ್ಟೈತಿ ನಿನಗ ಗೊತ್ತು,” ಎಂದು ಮಡಕೆಯನ್ನೇ ಚೀಲಕ್ಕೆ ಬೋರಲು ಹಾಕಿದ.